ಭಾರಂಗಿ, ಇಬ್ಬನೆ, ತಗ್ಗಿ: ಅಂಚಿನಲ್ಲಿ ಬಾಳುವ ಪೊದೆಗಳ ಬಳಗ

ತುಳಸಿ, ಪುದೀನ, ತುಂಬೆಗಳು ಸೇರುವ ಲೇಮಿಯೇಸೀ ಕುಟುಂಬದಲ್ಲಿ ಕ್ಲೆರೊಡೆಂಡ್ರಮ್ ಮತ್ತು ಅದರಿಂದ ಬೇರ್ಪಟ್ಟ ರೋತೆಕ, ವೋಲ್ಕಮೇರಿಯ ಎಂಬ ಜಾತಿಗಳ ಪೊದೆಗಳದ್ದು ಒಂದು ದೊಡ್ಡ ಬಳಗ. ಏಷ್ಯ ಮತ್ತು ಆಫ್ರಿಕದ ಉಷ್ಣವಲಯದ ಮಳೆಕಾಡುಗಳು ಇವುಗಳ ಮುಖ್ಯ ನೆಲೆ. ಇವುಗಳಲ್ಲಿ ಕೆಲವು ನೆಟ್ಟಗೆ ನಿಲ್ಲುವ ಗಿಡಗಳು, ಕೆಲವು ಪಕ್ಕದ ಮರ ಪೊದೆಗಳ ಮೇಲೆ ಒರಗಿ ಹಬ್ಬುವಂಥವು, ಇನ್ನು ಕೆಲವು ಸುತ್ತಿಕೊಂಡು ಏರುವ ಬಳ್ಳಿಗಳು. ಕರ್ನಾಟಕದಲ್ಲಿ ಗಂಟುಭಾರಂಗಿ, ಇಬ್ಬನೆ, ತಗ್ಗಿ, ನಾಯಿತಕ್ಕಿಲೆ ಎಂಬ ಹೆಸರುಗಳಿಂದ ಜನ ಬಲ್ಲ ಗಿಡಗಳು ಈ ಬಳಗದವೇ. ಕರಾವಳಿಯ ಉಪ್ಪುನೀರಿನ ಅಂಚಿನಿಂದ ಹಿಡಿದು ಘಟ್ಟದ ಕಾಡಿನ ಸೆರಗು, ಅರೆಮಲೆನಾಡಿನ ಎಲೆಯುದುರುವ ಕಾಡು, ಕಾಗಿನೆಲೆ–ಬ್ಯಾಡಗಿ–ರಾಣೆಬೆನ್ನೂರು ಕಡೆಯ ಒಣ ಕುರುಚಲು, ಹೊಲದ ಬೇಲಿಗಳವರೆಗೆ ಒಂದಲ್ಲ ಒಂದು ಪ್ರಭೇದ ಸಿಗುತ್ತದೆ. ಅಂಚಿನಲ್ಲಿ ಬಾಳುವುದು ಇವೆಲ್ಲಕ್ಕೂ ಸಮಾನವಾದ ಗುಣ. ದಟ್ಟ ನೆರಳಿನ ನಡುಗಾಡಿಗಿಂತ ಬೆಳಕು ಬೀಳುವ ಕಾಡಂಚು, ತೊರೆಯ ದಂಡೆ, ಕಾಲುದಾರಿ, ಬೇಲಿ, ಬದುಗಳೇ ಇವುಗಳಿಗೆ ಒಗ್ಗುವ ಜಾಗ. ಇವುಗಳ ರೂಪ, ಪರಾಗಸ್ಪರ್ಶ, ಔಷಧಿಯ ಬಳಕೆ, ಇಂದಿನ ಅಪಾಯ ಇವೆಲ್ಲವೂ ಈ ಅಂಚಿನ ಬಾಳಿಗೆ ಹೆಣೆದುಕೊಂಡಿವೆ.

ವರ್ಗೀಕರಣ

ಕ್ಲೆರೊಡೆಂಡ್ರಮ್ ಜಾತಿಗೆ ಹೆಸರಿಟ್ಟವನು ಸ್ವೀಡನ್ನಿನ ಕಾರ್ಲ್ ಲಿನೇಯಸ್. 1753ರ ತನ್ನ ‘ಸ್ಪೀಶೀಸ್ ಪ್ಲಾಂಟಾರಮ್’ ಗ್ರಂಥದಲ್ಲಿ ಅವನು ಈ ಜಾತಿಯನ್ನು ಸ್ಥಾಪಿಸಿದ. ಜಾತಿಗೆ ಮಾದರಿಯಾಗಿರುವುದು ನಮ್ಮ ನಾಡಿನ ಇಬ್ಬನೆಯೇ, ಅಂದರೆ ಕ್ಲೆರೊಡೆಂಡ್ರಮ್ ಇನ್‌ಫಾರ್ಚುನೇಟಮ್. ಅದಕ್ಕೂ ಮೊದಲೇ, 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾದ ‘ಹೋರ್ಟಸ್ ಮಲಬಾರಿಕಸ್’ ಸಂಪುಟಗಳಲ್ಲಿ ಡಚ್ ಅಧಿಕಾರಿ ವಾನ್ ರೀಡ್ ಈ ಗಿಡವನ್ನು ‘ಪೆರಗು’ ಎಂಬ ಮಲಯಾಳದ ಹೆಸರಿನಲ್ಲಿ ಚಿತ್ರಸಮೇತ ದಾಖಲಿಸಿದ್ದ. ಮಲಬಾರಿನ ವೈದ್ಯರು ಹೇಳಿದ್ದನ್ನು ಆಧರಿಸಿದ ಆ ಕೃತಿ ಪಶ್ಚಿಮ ಕರಾವಳಿಯ ಗಿಡಗಳಿಗೆ ಇಂದಿಗೂ ಮೂಲ ಆಕರ.

ಹಳೆಯ ಕನ್ನಡ ಸಸ್ಯಶಾಸ್ತ್ರ ಪುಸ್ತಕಗಳಲ್ಲಿ ಈ ಗಿಡಗಳನ್ನು ವರ್ಬಿನೇಸೀ ಕುಟುಂಬದ ಅಡಿಯಲ್ಲಿ ಹುಡುಕಬೇಕಾಗುತ್ತದೆ. ಲಂಟಾನ, ತೇಗ, ಶಿವನಿ, ಲಕ್ಕಿ ಇವೆಲ್ಲವನ್ನೂ ಆಗ ಅದೇ ಕುಟುಂಬದಲ್ಲಿ ಇಡುತ್ತಿದ್ದರು. 1990ರ ದಶಕದಲ್ಲಿ ಹೂಗೊಂಚಲಿನ ರಚನೆ, ಪರಾಗ, ಅಂಡಾಶಯಗಳ ಮರುಪರಿಶೀಲನೆಯೂ ಡಿಎನ್‌ಎ ಅಧ್ಯಯನವೂ ನಡೆದ ಮೇಲೆ ತೇಗ, ಶಿವನಿ, ಲಕ್ಕಿ ಮತ್ತು ಕ್ಲೆರೊಡೆಂಡ್ರಮ್ ಗಿಡಗಳು ಲೇಮಿಯೇಸೀಗೆ ಬಂದವು. ಲಂಟಾನ ವರ್ಬಿನೇಸೀಯಲ್ಲೇ ಉಳಿಯಿತು. ಹೀಗಾಗಿ ಇಂದಿನ ಲೆಕ್ಕದಲ್ಲಿ ಅಂಗಳದ ತುಳಸಿಗೂ ದಾಂಡೇಲಿಯ ತೇಗಕ್ಕೂ ಬ್ಯಾಡಗಿ ಕಡೆಯ ಬೇಲಿಯ ತಗ್ಗಿಗೂ ಒಂದೇ ಕುಟುಂಬದ ನಂಟು. ಈ ಕುಟುಂಬದಲ್ಲಿ ಏಳು ಸಾವಿರಕ್ಕೂ ಹೆಚ್ಚು ಪ್ರಭೇದಗಳಿವೆ.

ಕ್ಲೆರೊಡೆಂಡ್ರಮ್ ಕೂಡ ಮೊದಲಿನಷ್ಟು ದೊಡ್ಡದಾಗಿ ಉಳಿಯಲಿಲ್ಲ. ಒಂದು ಕಾಲಕ್ಕೆ ನಾನೂರು–ಐನೂರು ಪ್ರಭೇದಗಳನ್ನು ಒಳಗೊಂಡಿದ್ದ ಜಾತಿ ಅದು. 1998ರಲ್ಲಿ ಸ್ಟೀನ್ ಮತ್ತು ಮಾಬರ್ಲಿ ಎಂಬ ಸಸ್ಯವಿಜ್ಞಾನಿಗಳು ಭಾರಂಗಿಯಂಥ ಗಿಡಗಳನ್ನು ಬೇರ್ಪಡಿಸಿ ರೋತೆಕ ಎಂಬ ಹಳೆಯ ಜಾತಿಗೆ ಮತ್ತೆ ಜೀವ ಕೊಟ್ಟರು. 2010ರಲ್ಲಿ ಸಮುದ್ರದಂಚಿನ ನಾಯಿತಕ್ಕಿಲೆ ಮತ್ತು ಅದರ ಸಂಬಂಧಿಗಳು ವೋಲ್ಕಮೇರಿಯ ಜಾತಿಗೆ ಹೋದವು. ಆಯುರ್ವೇದದ ಪುಸ್ತಕಗಳಲ್ಲೂ ಅರಣ್ಯ ಇಲಾಖೆಯ ಪಟ್ಟಿಗಳಲ್ಲೂ ಕ್ಲೆರೊಡೆಂಡ್ರಮ್ ಸೆರೇಟಮ್, ಕ್ಲೆರೊಡೆಂಡ್ರಮ್ ಇನರ್ಮೆ ಎಂಬ ಹಳೆಯ ಹೆಸರುಗಳು ಇನ್ನೂ ಬಳಕೆಯಲ್ಲಿವೆ. ಓದುವವರು ಇವೇ ಕ್ರಮವಾಗಿ ರೋತೆಕ ಸೆರೇಟ, ವೋಲ್ಕಮೇರಿಯ ಇನರ್ಮಿಸ್ ಎಂದು ತಿಳಿಯಬೇಕು.

ರೂಪ ಮತ್ತು ಬೆಳವಣಿಗೆ

ಈ ಬಳಗದ ಗಿಡಗಳ ಎಳೆಯ ಕಾಂಡ ಸಾಮಾನ್ಯವಾಗಿ ನಾಲ್ಕು ಮೂಲೆಯದು. ಎಲೆಗಳು ಎದುರುಬದುರಾಗಿ ಜೋಡಿಜೋಡಿಯಾಗಿ, ಕೆಲವೊಮ್ಮೆ ಮೂರು ಮೂರರ ಸುತ್ತಾಗಿ ಮೂಡುತ್ತವೆ. ತುಳಸಿಯ ಬಂಧುಗಳಾದರೂ ಇವುಗಳ ಎಲೆಗೆ ಆ ಪರಿಮಳವಿಲ್ಲ. ಇಬ್ಬನೆ, ಭಾರಂಗಿಯ ಎಲೆ ಹಿಸುಕಿದರೆ ಕಮಟು ವಾಸನೆ ಬರುತ್ತದೆ. ದನಕರುಗಳು ಇವನ್ನು ಬಿಟ್ಟು ಮುಂದೆ ಹೋಗುವುದಕ್ಕೆ ಈ ವಾಸನೆಯೂ ಎಲೆಯ ಕಹಿಯೂ ಕಾರಣ. ಮೇಯಿಸುವ ಜಾಗಗಳಲ್ಲೂ ಈ ಪೊದೆಗಳು ಉಳಿದುಕೊಂಡಿರುವುದು ಇದರಿಂದಲೇ.

ಮಳೆಕಾಡಿನಲ್ಲಿ ಬೆಳಕಿಗಾಗಿ ಪೈಪೋಟಿ ಕಠಿಣ. ಮರವಾಗಿ ದಪ್ಪ ಕಾಂಡ ಕಟ್ಟಲು ವರ್ಷಗಟ್ಟಲೆ ಬೇಕು. ಒರಗಿ ಹಬ್ಬುವ ಪೊದೆ ಆ ಖರ್ಚನ್ನು ಉಳಿಸಿ, ತೆಳುವಾದ ಉದ್ದ ಕೊಂಬೆಗಳನ್ನು ಬೇಗ ಬೇಗ ಚಾಚಿ ಪಕ್ಕದ ಗಿಡದ ಮೇಲೆ ಭಾರ ಹಾಕಿ ಬೆಳಕಿಗೆ ತಲುಪುತ್ತದೆ. ಈ ಬಳಗದ ಕೆಲವು ಪ್ರಭೇದಗಳಲ್ಲಿ ಎಲೆ ಉದುರಿದ ಮೇಲೂ ತೊಟ್ಟಿನ ಬುಡ ಗಟ್ಟಿಯಾಗಿ ಮುಳ್ಳಿನ ಹಾಗೆ ಕಾಂಡಕ್ಕೆ ಅಂಟಿಕೊಂಡಿರುತ್ತದೆ. ಆಸರೆಯ ಗಿಡದಿಂದ ಜಾರದಂತೆ ಅದು ಕೊಕ್ಕೆಯ ಕೆಲಸ ಮಾಡುತ್ತದೆ. ಪಶ್ಚಿಮ ಆಫ್ರಿಕದ ಮಳೆಕಾಡಿನ ಕ್ಲೆರೊಡೆಂಡ್ರಮ್ ತಾಮ್ಸೋನಿಯೆ, ಕ್ಲೆರೊಡೆಂಡ್ರಮ್ ಸ್ಪ್ಲೆಂಡೆನ್ಸ್ ಸುತ್ತಿಕೊಂಡೇ ಏರುತ್ತವೆ. ಒಣನಾಡಿನ ತಗ್ಗಿಗೆ ಅಷ್ಟು ಎತ್ತರ ಬೇಕಿಲ್ಲ. ಅದರ ಕೊಂಬೆಗಳು ಅಡ್ಡಾದಿಡ್ಡಿ ಚಾಚಿ ಪಕ್ಕದ ಕಾರೆ, ಕವಳಿ ಮುಳ್ಳುಗಳ ನಡುವೆ ಹೆಣೆದುಕೊಳ್ಳುತ್ತವೆ.

ಇನ್ನೊಂದು ಗುಣ ಬೇರಿನದು. ಇಬ್ಬನೆಯ ಬೇರುಗಳು ನೆಲದ ಮೇಲ್ಪದರದಲ್ಲೇ ಓಡಿ ಅಲ್ಲಲ್ಲಿ ಹೊಸ ಮರಿಗಿಡಗಳನ್ನು ಎಬ್ಬಿಸುತ್ತವೆ. ಆದ್ದರಿಂದಲೇ ಅದು ಒಂಟಿಯಾಗಿ ಕಾಣುವುದು ಕಡಿಮೆ, ಹಿಂಡುಹಿಂಡಾಗಿ ನಿಲ್ಲುವುದೇ ಹೆಚ್ಚು. ಭಾರಂಗಿಗೆ ನೆಲದೊಳಗೆ ಕಟ್ಟಿಗೆಯಂಥ ಗಟ್ಟಿ ಬುಡವಿದೆ. ಬೇಸಿಗೆಯ ಕಾಳ್ಗಿಚ್ಚಿಗೆ ಮೇಲಿನ ಕಾಂಡ ಸುಟ್ಟರೂ ಮುಂಗಾರಿನ ಮಳೆ ಬಿದ್ದೊಡನೆ ಆ ಬುಡದಿಂದ ಹೊಸ ಕಡ್ಡಿಗಳು ಏಳುತ್ತವೆ. ವರ್ಷ ವರ್ಷ ಬೆಂಕಿ ಕಾಣುವ ಎಲೆಯುದುರುವ ಕಾಡಿನಲ್ಲಿ ಬದುಕುಳಿಯಲು ಇದೇ ಅದರ ಬಂಡವಾಳ.

ಹೂವು ಮತ್ತು ಪರಾಗಸ್ಪರ್ಶ

ಇಬ್ಬನೆಯ ಹೂವನ್ನು ಹತ್ತಿರದಿಂದ ನೋಡುವುದು ಒಂದು ಪಾಠ. ಚಳಿಗಾಲದ ಕೊನೆಗೆ ಕೊಂಬೆಯ ತುದಿಯಲ್ಲಿ ದೊಡ್ಡ ಗೊಂಚಲು ಮೂಡುತ್ತದೆ. ಪ್ರತಿ ಹೂವಿಗೂ ತೆಳುವಾದ ನಳಿಗೆ, ಅದರ ತುದಿಯಲ್ಲಿ ಐದು ಬಿಳಿ ದಳ, ಗಂಟಲಲ್ಲಿ ನಸುಗೆಂಪು ಛಾಯೆ. ನಾಲ್ಕು ಉದ್ದ ಕೇಸರಗಳು ಹೂವಿನಿಂದ ಬಹಳ ಹೊರಗೆ ಚಾಚಿರುತ್ತವೆ. ಹೊಸದಾಗಿ ಅರಳಿದ ಹೂವಿನಲ್ಲಿ ಕೇಸರಗಳು ನೇರವಾಗಿ ಮುಂದಕ್ಕೆ ನಿಂತು ಪರಾಗ ಚೆಲ್ಲುತ್ತಿರುತ್ತವೆ, ಶಲಾಕೆ ಮಾತ್ರ ಕೆಳಕ್ಕೆ ಬಾಗಿ ದೂರ ಸರಿದಿರುತ್ತದೆ. ಅದೇ ಹೂವನ್ನು ಮರುದಿನ ನೋಡಿದರೆ ಚಿತ್ರ ತಿರುಗಿರುತ್ತದೆ. ಪರಾಗ ಮುಗಿಸಿದ ಕೇಸರಗಳು ಸುರುಳಿಯಾಗಿ ಬದಿಗೆ ಸರಿದು, ಶಲಾಕೆ ಮೇಲೆದ್ದು, ತುದಿಯ ಕವಲು ಬಿಚ್ಚಿಕೊಂಡು, ನಿನ್ನೆ ಕೇಸರವಿದ್ದ ಜಾಗದಲ್ಲೇ ನಿಂತಿರುತ್ತದೆ. ಮಕರಂದಕ್ಕೆ ಬರುವ ಚಿಟ್ಟೆಗೆ ಮೊದಲ ದಿನದ ಹೂವಿನಲ್ಲಿ ಪರಾಗ ಮೆತ್ತುತ್ತದೆ. ಅದು ಎರಡನೆಯ ದಿನದ ಹೂವಿಗೆ ಹೋದಾಗ ಅದೇ ಭಾಗ ಶಲಾಕಾಗ್ರಕ್ಕೆ ತಾಗುತ್ತದೆ. ಒಂದೇ ಹೂವಿನ ಪರಾಗ ಅದೇ ಹೂವಿಗೆ ಬೀಳದಂತೆ ಕಾಲವನ್ನೂ ಜಾಗವನ್ನೂ ಬೇರ್ಪಡಿಸಿದ ಏರ್ಪಾಡು ಇದು. ಬಳಗದ ಬಹುಪಾಲು ಪ್ರಭೇದಗಳಲ್ಲಿ ಇದು ಕಾಣುತ್ತದೆ.

ಉದ್ದ ನಳಿಗೆಯ ತಳದಲ್ಲಿ ಮಕರಂದ ಇರುವುದರಿಂದ ಉದ್ದ ಸೊಂಡಿಲಿನ ಕೀಟಗಳೇ ಇದರ ಮುಖ್ಯ ಅತಿಥಿಗಳು. ಹಗಲಲ್ಲಿ ದೊಡ್ಡ ಬಾಲದ ಚಿಟ್ಟೆಗಳು, ಮುಸ್ಸಂಜೆಯ ಮೇಲೆ ಬಿಳಿ ಹೂವಿನ ಪರಿಮಳಕ್ಕೆ ಹಾಕ್ ಪತಂಗಗಳು ಬರುತ್ತವೆ. ಕರ್ನಾಟಕದ ರಾಜ್ಯ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್ ಕರಾವಳಿ, ಮಲೆನಾಡಿನ ಹಿತ್ತಿಲುಗಳಲ್ಲಿ ಬೆಳೆಸುವ, ಇದೇ ಬಳಗದ ರಥಪುಷ್ಪದ ಗೊಂಚಲುಗಳಿಗೆ ತಪ್ಪದೆ ಬರುವುದನ್ನು ಚಿಟ್ಟೆ ನೋಡುವವರು ಬಲ್ಲರು.

ಭಾರಂಗಿಯ ಹೂವು ಬೇರೆ ಬಗೆಯದು. ಮೊಗ್ಗು ಒಂದು ಬದಿಗೆ ಉಬ್ಬಿ ಸೊಟ್ಟಗಿರುತ್ತದೆ. ರೋತೆಕ ಜಾತಿಯನ್ನು ಬೇರೆಮಾಡಲು ವಿಜ್ಞಾನಿಗಳು ಬಳಸಿದ ಮುಖ್ಯ ಗುರುತುಗಳಲ್ಲಿ ಇದೊಂದು. ಅರಳಿದಾಗ ನಾಲ್ಕು ದಳಗಳು ತಿಳಿನೀಲಿ, ಕೆಳಗಿನ ಐದನೆಯದು ಗಾಢ ನೇರಳೆನೀಲಿ. ಮಳೆಗಾಲದಲ್ಲಿ ಹಸಿರು ಹುಲ್ಲಿನ ನಡುವೆ ನೆಟ್ಟಗೆ ನಿಂತ ಈ ನೀಲಿ ಗೊಂಚಲು ದೂರದಿಂದಲೇ ಗುರುತು ಸಿಗುತ್ತದೆ.

ಈ ಗಿಡಗಳ ಹಣ್ಣು ಸಾಮಾನ್ಯವಾಗಿ ಕಪ್ಪು ಅಥವಾ ಕಡುನೇರಳೆ, ಒಳಗೆ ನಾಲ್ಕರವರೆಗೆ ಗಟ್ಟಿ ಓಟೆಗಳು. ಇಬ್ಬನೆಯಲ್ಲಿ ಹೂ ಉದುರಿದ ಮೇಲೆ ಪುಷ್ಪಪಾತ್ರೆ ಬೆಳೆದು ಕೆಂಪಾಗಿ ನಕ್ಷತ್ರದಂತೆ ಹರಡಿಕೊಳ್ಳುತ್ತದೆ, ನಡುವೆ ಹೊಳೆಯುವ ಕಪ್ಪು ಹಣ್ಣು ಕೂತಿರುತ್ತದೆ. ಕೆಂಪು–ಕಪ್ಪಿನ ಈ ಜೋಡಿ ಪಿಕಳಾರದಂಥ ಹಣ್ಣು ತಿನ್ನುವ ಹಕ್ಕಿಗಳ ಕಣ್ಣಿಗೆ ಬೇಗ ಬೀಳುತ್ತದೆ.

ಕರ್ನಾಟಕದ ಮುಖ್ಯ ಪ್ರಭೇದಗಳು

ಇಬ್ಬನೆ ಅಥವಾ ಬಸವನಪಾದ ಘಟ್ಟದ ಎರಡೂ ಮಗ್ಗುಲಿನ ಕಾಡಂಚು, ಪಾಳುಬಿಟ್ಟ ಜಾಗ, ತೋಟದ ದಾರಿಗಳಲ್ಲಿ ಸಾಮಾನ್ಯ. ಒಂದರಿಂದ ನಾಲ್ಕು ಮೀಟರಿನವರೆಗೆ ಬೆಳೆಯುತ್ತದೆ. ಎಲೆ ಅಂಗೈಗಿಂತ ಅಗಲ, ಬುಡದಲ್ಲಿ ಹೃದಯದಾಕಾರ, ಮೈತುಂಬ ಮೃದು ರೋಮ. ಬಂಗಾಳದಲ್ಲಿ ಇದೇ ಗಿಡ ಘೆಂಟು. ಫಾಲ್ಗುಣ ಮಾಸದ ಕೊನೆಗೆ ಚರ್ಮರೋಗಗಳ ದೇವತೆಗೆ ಇದರ ಹೂವಿಟ್ಟು ಪೂಜಿಸುವ ಜನಪದ ಆಚರಣೆ ಅಲ್ಲಿದೆ.

ಗಂಟುಭಾರಂಗಿ ಅಥವಾ ರೋತೆಕ ಸೆರೇಟ ಘಟ್ಟದ ಕಾಡುಗಳಲ್ಲೂ ಒಳನಾಡಿನ ತೇಗ–ಮತ್ತಿಯ ಎಲೆಯುದುರುವ ಕಾಡುಗಳಲ್ಲೂ ಬೆಳೆಯುತ್ತದೆ. ಎಲೆಯ ಅಂಚು ಗರಗಸದಂತೆ ಹಲ್ಲು ಹಲ್ಲು. ಕವಲು ಕಡಿಮೆ. ಎತ್ತರ ಸಾಮಾನ್ಯವಾಗಿ ಒಂದರಿಂದ ಎರಡೂವರೆ ಮೀಟರ್.

ತಗ್ಗಿ ಅಥವಾ ಕ್ಲೆರೊಡೆಂಡ್ರಮ್ ಫ್ಲೋಮಿಡಿಸ್ ಒಣನಾಡಿನ ಪ್ರತಿನಿಧಿ. ಕೊಂಬೆ, ಎಲೆಗಳ ಮೇಲೆ ಬೂದಿಬಣ್ಣದ ರೋಮ, ಚಿಕ್ಕ ವಜ್ರಾಕಾರದ ಎಲೆ, ಸುವಾಸನೆಯ ಬಿಳಿ ಹೂವು. ಬೂದಿಬಣ್ಣದ ರೋಮವೂ ಚಿಕ್ಕ ಎಲೆಯೂ ಬಿಸಿಲಿನಲ್ಲಿ ನೀರು ಆವಿಯಾಗುವುದನ್ನು ತಗ್ಗಿಸುತ್ತವೆ. ಮಳೆಕಾಡಿನ ವಂಶದ ಗಿಡ ಬಯಲುಸೀಮೆಯ ಬಿಸಿಲಿಗೆ ಒಗ್ಗಿದ್ದು ಹೀಗೆ.

ನಾಯಿತಕ್ಕಿಲೆ ಅಥವಾ ವೋಲ್ಕಮೇರಿಯ ಇನರ್ಮಿಸ್ ಕಾರವಾರದಿಂದ ಮಂಗಳೂರು, ಕಾಸರಗೋಡಿನವರೆಗೆ ಹಿನ್ನೀರಿನ ದಂಡೆಗಳಲ್ಲಿ ಕಾಂಡ್ಲಾ ಗಿಡಗಳ ಜೊತೆಯಲ್ಲೇ ಹಬ್ಬುತ್ತದೆ. ನಯವಾದ ದಪ್ಪ ಎಲೆ, ಮೂರು ಮೂರಾಗಿ ಮೂಡುವ ಬಿಳಿ ಹೂವು, ಹೊರಚಾಚಿದ ನೇರಳೆಗೆಂಪು ಕೇಸರ ಇದರ ಗುರುತು. ಬೆಂಡಿನಂಥ ಹಣ್ಣು ಉಪ್ಪುನೀರಿನಲ್ಲಿ ತೇಲಿ ದೂರದ ದಂಡೆ ಸೇರುತ್ತದೆ. ಭಾರತದಿಂದ ಆಸ್ಟ್ರೇಲಿಯ, ಪೆಸಿಫಿಕ್ ದ್ವೀಪಗಳವರೆಗೆ ಇದು ಹರಡಿರುವುದು ಹಾಗೆಯೇ. ಕತ್ತರಿಸಿದಷ್ಟೂ ಚಿಗುರುವುದರಿಂದ ಬೆಂಗಳೂರು, ಮೈಸೂರಿನ ಉದ್ಯಾನಗಳಲ್ಲಿ ಬೇಲಿಗೂ ಪ್ರಾಣಿಗಳ ಆಕಾರ ಕತ್ತರಿಸಲಿಕ್ಕೂ ಇದನ್ನೇ ಬೆಳೆಸುತ್ತಾರೆ.

ಹಾವೇರಿ ಸೀಮೆ

ಕನಕದಾಸರ ಊರೆಂದು ನಾಡಿಗೆಲ್ಲ ಗೊತ್ತಿರುವ ಕಾಗಿನೆಲೆ ಬ್ಯಾಡಗಿ ತಾಲ್ಲೂಕಿನಲ್ಲಿದೆ. ಸಸ್ಯಗಳ ದೃಷ್ಟಿಯಿಂದ ನೋಡಿದರೆ ಈ ಊರು ಎರಡು ಸೀಮೆಗಳ ನಡುವಿನದು. ಹಾವೇರಿಯಿಂದ ಹಾನಗಲ್ ಹಾದು ಶಿರಸಿಗೆ ಹೋಗುವ ದಾರಿ ಎಂಬತ್ತು ಕಿಲೋಮೀಟರಿನ ಆಸುಪಾಸು. ಶಿರಸಿಯಲ್ಲಿ ವರ್ಷಕ್ಕೆ 2,000 ಮಿಲಿಮೀಟರಿಗೂ ಹೆಚ್ಚು ಮಳೆ. ಪೂರ್ವಕ್ಕೆ ರಾಣೆಬೆನ್ನೂರಿನಲ್ಲಿ ಅದರ ಮೂರರಲ್ಲೊಂದು ಪಾಲಿನಷ್ಟು. ಹಾನಗಲ್, ಶಿಗ್ಗಾವಿ ಕಡೆ ಮಲೆನಾಡಿನ ಸೆರಗು, ತೇಗ–ಮತ್ತಿಯ ಕಾಡು. ರಾಣೆಬೆನ್ನೂರಿನ ಕಡೆ ಕುರುಚಲು ಗುಡ್ಡ, ಎರೆ ಮತ್ತು ಮಸಾರಿ ಹೊಲ. ಈ ಬಳಗದ ಗಿಡಗಳು ಮಳೆ ಕಡಿಮೆಯಾದಂತೆ ಹೇಗೆ ಬದಲಾಗುತ್ತವೆ ಎಂಬುದನ್ನು ಓದಲು ಇಷ್ಟು ಚಿಕ್ಕ ಅಂತರದಲ್ಲಿ ಇಂಥ ಒಳ್ಳೆಯ ಜಾಗ ಇನ್ನೊಂದು ಸಿಗುವುದು ಕಷ್ಟ. ಶಿರಸಿ ಕಡೆಯ ತೇವದ ಕಾಡಂಚಿನಲ್ಲಿ ಅಗಲ ಎಲೆಯ ಇಬ್ಬನೆ, ನಡುವಿನ ಎಲೆಯುದುರುವ ಕಾಡಿನಲ್ಲಿ ಬೆಂಕಿಗೆ ಮಣಿಯದ ಭಾರಂಗಿ, ಪೂರ್ವದ ಒಣ ಬೇಲಿಯಲ್ಲಿ ಬೂದಿಬಣ್ಣದ ತಗ್ಗಿ.

ಹಾವೇರಿ 1997ರಲ್ಲಿ ಜಿಲ್ಲೆಯಾಯಿತು. ಅದಕ್ಕೆ ಮೊದಲು ಇದು ಧಾರವಾಡ ಜಿಲ್ಲೆಯ ಭಾಗ, ಬ್ರಿಟಿಷರ ಕಾಲದಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದ್ದು. ಆದ್ದರಿಂದ ಈ ಸೀಮೆಯ ಗಿಡಗಳ ಹಳೆಯ ವಿವರಗಳು ಮದ್ರಾಸಿನ ಇಲ್ಲವೆ ಮೈಸೂರಿನ ಗ್ರಂಥಗಳಲ್ಲಿ ಸಿಗುವುದಿಲ್ಲ. ಥಿಯೊಡೋರ್ ಕುಕ್ 1901ರಿಂದ 1908ರವರೆಗೆ ಹೊರತಂದ ಮುಂಬಯಿ ಪ್ರಾಂತದ ಸಸ್ಯಗ್ರಂಥದಲ್ಲೂ, ಉತ್ತರ ಕನ್ನಡದಲ್ಲಿ ಅರಣ್ಯಾಧಿಕಾರಿಯಾಗಿದ್ದ ಟಾಲ್ಬಟ್ 1909–1911ರಲ್ಲಿ ಪ್ರಕಟಿಸಿದ ಅರಣ್ಯಸಸ್ಯಗಳ ಗ್ರಂಥದಲ್ಲೂ ಅವನ್ನು ಹುಡುಕಬೇಕು.

ಈ ಭಾಗದ ಬೇಲಿಯೇ ಒಂದು ಪುಟ್ಟ ಕಾಡು. ಕಳ್ಳಿ, ಕವಳಿ, ಕಾರೆ, ಲಕ್ಕಿ, ತಂಗಡಿ, ತಗ್ಗಿ ಎಲ್ಲವೂ ಒಂದಕ್ಕೊಂದು ಒರಗಿ ಬೆಳೆಯುವ ಹಸಿರು ಬೇಲಿ ದನಗಳನ್ನು ತಡೆಯುವುದರ ಜೊತೆಗೆ ಬದುವಿನ ಮಣ್ಣನ್ನೂ ಹಿಡಿದಿಡುತ್ತದೆ. ಮೆಣಸಿನಕಾಯಿ, ಹತ್ತಿ, ಗೋವಿನಜೋಳದ ಹೊಲಗಳ ನಡುವೆ ಜೇನು, ಚಿಟ್ಟೆ, ಹಲ್ಲಿ, ಹಾವು, ಪುರಲೆ ಹಕ್ಕಿಗಳಿಗೆ ಉಳಿದಿರುವ ಆಸರೆ ಅದೊಂದೇ. ಇಡೀ ಹೊಲ ಉತ್ತಾಗ, ಬೆಳೆ ಕಟಾವಾದಾಗ ಈ ಜೀವಗಳು ಬೇಲಿಗೆ ಹಿಂದಿರುಗುತ್ತವೆ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯವನ್ನು 1974ರಲ್ಲಿ ಘೋಷಿಸಲಾಯಿತು. 119 ಚದರ ಕಿಲೋಮೀಟರಿನ ಆ ಅಭಯಾರಣ್ಯದಲ್ಲಿ ಬಹುಭಾಗ ನೀಲಗಿರಿ ನೆಡುತೋಪು. ನೀಲಗಿರಿಯ ಸಾಲುಗಳ ಅಡಿಯಲ್ಲಿ ನಾಡಿನ ಕುರುಚಲು ಗಿಡಗಳಿಗೆ ಸಿಗುವ ಬೆಳಕು, ನೀರು ಎರಡೂ ಕಡಿಮೆ. ತಗ್ಗಿಯಂಥ ಪೊದೆಗೆ ಬಯಲು, ಬದು, ಹಳ್ಳದ ದಂಡೆಗಳೇ ನಿಜವಾದ ಅಭಯಾರಣ್ಯ.

ಇರುವೆ ಮತ್ತು ಹುಳುಗಳ ನಂಟು

ಇಬ್ಬನೆಯ ಎಲೆಯ ಅಡಿಭಾಗದಲ್ಲೂ ಪುಷ್ಪಪಾತ್ರೆಯ ಹೊರಮೈಯಲ್ಲೂ ತಟ್ಟೆಯಾಕಾರದ ಸಣ್ಣ ಗ್ರಂಥಿಗಳಿವೆ. ಹೂವಿಗೆ ಸಂಬಂಧವಿಲ್ಲದ ಈ ಗ್ರಂಥಿಗಳು ಸಿಹಿ ರಸ ಸ್ರವಿಸುತ್ತವೆ. ರಸಕ್ಕೆ ಬರುವ ಇರುವೆಗಳು ಗಿಡದ ಮೇಲೆಲ್ಲ ಓಡಾಡಿ ಎಲೆ ತಿನ್ನುವ ಹುಳುಗಳನ್ನು ಓಡಿಸುತ್ತವೆ. ಬೊರ್ನಿಯೊದ ಮಳೆಕಾಡಿನ ಕ್ಲೆರೊಡೆಂಡ್ರಮ್ ಫಿಸ್ಟುಲೋಸಮ್ ಈ ನಂಟನ್ನು ಇನ್ನೂ ಮುಂದಕ್ಕೆ ಒಯ್ದಿದೆ. ಅದರ ಉಬ್ಬಿದ ಟೊಳ್ಳು ಕಾಂಡದೊಳಗೆ ಇರುವೆಗಳು ಮನೆ ಮಾಡಿ ಗಿಡವನ್ನು ಕಾಯುತ್ತವೆ.

ಎಲ್ಲ ಹುಳುಗಳೂ ಈ ಗಿಡಗಳ ಕಹಿಗೆ ಸೋಲುವುದಿಲ್ಲ. ಬೆನ್ನ ಮೇಲೆ ತಲೆಬುರುಡೆಯ ಗುರುತಿರುವ ಅಕೆರಾಂಟಿಯ ಪತಂಗದ ದಪ್ಪ ಹಸಿರು ಮರಿಹುಳು ಈ ಬಳಗದ ಎಲೆಗಳನ್ನು ತಿಂದು ಬೆಳೆಯುತ್ತದೆ. ಎಳ್ಳಿನ ಹೊಲದಲ್ಲಿ ರೈತರು ಕಾಣುವ ಬಾಲದ ಕೊಂಬಿನ ದೊಡ್ಡ ಹುಳುವೂ ಇದೇ.

ಕಹಿಯ ರಸಾಯನ

ಈ ಗಿಡಗಳ ಕಹಿ ರಸಾಯನವಿಜ್ಞಾನದ ಚರಿತ್ರೆಯಲ್ಲಿ ದೊಡ್ಡ ಜಾಗ ಪಡೆದಿದೆ. 1936ರಲ್ಲಿ ಬ್ಯಾನರ್ಜಿ ಎಂಬ ಭಾರತೀಯ ರಸಾಯನವಿಜ್ಞಾನಿ ಇಬ್ಬನೆಯಿಂದ ಒಂದು ಕಹಿ ವಸ್ತುವನ್ನು ಬೇರ್ಪಡಿಸಿ ಕ್ಲೆರೊಡಿನ್ ಎಂದು ಹೆಸರಿಟ್ಟರು. ಅದರ ಅಣುರಚನೆ ಹೊರಬಿದ್ದದ್ದು ಕಾಲು ಶತಮಾನದ ಮೇಲೆ. 1961ರಲ್ಲಿ ಬ್ರಿಟನ್ನಿನ ಡೆರೆಕ್ ಬಾರ್ಟನ್ ಮತ್ತು ಸಂಗಡಿಗರು ಅದನ್ನು ಬಿಡಿಸಿದರು. ಬಾರ್ಟನ್ 1969ರಲ್ಲಿ ರಸಾಯನವಿಜ್ಞಾನದ ನೊಬೆಲ್ ಪಡೆದರು. ಇದೇ ಚೌಕಟ್ಟಿನ ವಸ್ತುಗಳು ಆಮೇಲೆ ಹಲವು ಗಿಡಗಳಲ್ಲಿ ಸಿಕ್ಕಿ, ಇವತ್ತಿಗೆ ಸಾವಿರಕ್ಕೂ ಹೆಚ್ಚು ಸಂಯುಕ್ತಗಳಿರುವ ಕ್ಲೆರೊಡೇನ್ ಎಂಬ ಗುಂಪಾಗಿ ಬೆಳೆದಿವೆ. ಅಮೃತಬಳ್ಳಿಯ ಕಹಿಯಲ್ಲೂ ಈ ಗುಂಪಿನ ವಸ್ತುಗಳಿವೆ. ಅವೆಲ್ಲವೂ ಹೊತ್ತಿರುವುದು ನಮ್ಮ ಕಾಡಂಚಿನ ಒಂದು ಪೊದೆಯ ಹೆಸರನ್ನು.

ಗಿಡಕ್ಕೆ ಈ ಕಹಿಯಿಂದ ಏನು ಲಾಭ? ಸ್ಪೊಡಾಪ್ಟೆರ ಲಿಟುರ ಎಂಬ ಹುಳುವಿನ ಮೇಲೆ 1970ರ ದಶಕದಲ್ಲಿ ಜಪಾನಿನಲ್ಲಿ ನಡೆದ ಪ್ರಯೋಗಗಳಲ್ಲಿ ಕ್ಲೆರೊಡಿನ್ ಲೇಪಿಸಿದ ಎಲೆಯನ್ನು ಹುಳು ತಿನ್ನದೆ ಬಿಟ್ಟಿತು. ಆ ಕ್ಲೆರೊಡಿನ್ ಸಿಕ್ಕದ್ದು ಇದೇ ಕುಟುಂಬದ ಇನ್ನೊಂದು ಗಿಡದಿಂದ. ಹಾವೇರಿಯ ರೈತರಿಗೆ ಈ ಹುಳು ಹೊಸದಲ್ಲ. ಮೆಣಸಿನಕಾಯಿ, ಹತ್ತಿ, ಸೋಯಾ, ಶೇಂಗಾ ಬೆಳೆಗಳನ್ನು ಕಾಡುವ ತಂಬಾಕಿನ ಎಲೆತಿನ್ನುವ ಹುಳು ಅದೇ. ಪ್ರಯೋಗಾಲಯದಲ್ಲಿ ಕಂಡದ್ದು ಹೊಲದಲ್ಲಿ ನೇರವಾಗಿ ಕೈಹಿಡಿಯುತ್ತದೆ ಎನ್ನುವಂತಿಲ್ಲ. ಬೆಳಕು, ಮಳೆಗೆ ಇಂಥ ವಸ್ತುಗಳು ಬೇಗ ಹಾಳಾಗುತ್ತವೆ. ಆದರೂ ಬೇಲಿಯ ಗಿಡವೊಂದು ಬೆಳೆಯ ಹುಳುವಿಗೆ ಬೇಡವಾಗುವ ವಸ್ತುವನ್ನು ತಾನೇ ತಯಾರಿಸಿಕೊಳ್ಳುತ್ತಿದೆ ಎಂಬುದು ಕೃಷಿ ಸಂಶೋಧಕರು ಹಿಂಬಾಲಿಸಬೇಕಾದ ದಾರಿ.

ವೈದ್ಯ ಮತ್ತು ಆಹಾರ

ಆಯುರ್ವೇದದಲ್ಲಿ ಭಾರಂಗಿಯ ಬೇರು ಕೆಮ್ಮು, ದಮ್ಮು, ಶೀತ, ಜ್ವರಗಳಿಗೆ ಹೇಳಿದ ಮದ್ದು. ಭಾರ್ಙ್ಗೀ ಗುಡ, ಕನಕಾಸವದಂಥ ತಯಾರಿಕೆಗಳಲ್ಲಿ ಇದು ಸೇರುತ್ತದೆ. ತಗ್ಗಿಗೆ ಸಂಸ್ಕೃತದ ಗ್ರಂಥಗಳಲ್ಲಿ ಅಗ್ನಿಮಂಥದ ಸ್ಥಾನವಿದೆ. ಬಿಲ್ವ, ಶ್ಯೋನಾಕ, ಪಾಟಲ, ಕಾಶ್ಮರಿ, ಅಗ್ನಿಮಂಥ ಇವು ಐದು ದಶಮೂಲದ ದೊಡ್ಡ ಬೇರುಗಳು. ಇವುಗಳಲ್ಲಿ ಅಗ್ನಿಮಂಥವೆಂದು ದಕ್ಷಿಣದಲ್ಲಿ ಬಹುಮಟ್ಟಿಗೆ ಬಳಸುವುದು ಪ್ರೆಮ್ನಾ ಸೆರಾಟಿಫೋಲಿಯ ಎಂಬ ಗಿಡವನ್ನು, ಗುಜರಾತ್ ಮುಂತಾದ ಕಡೆ ತಗ್ಗಿಯನ್ನು. ಕಾಶ್ಮರಿ ಎಂದರೆ ಶಿವನಿ ಮರ. ಪ್ರೆಮ್ನಾ, ತಗ್ಗಿ, ಶಿವನಿ ಮೂರೂ ಲೇಮಿಯೇಸೀ ಕುಟುಂಬದವೇ. ಹೀಗೆ ದಶಮೂಲದ ಐದು ದೊಡ್ಡ ಬೇರುಗಳಲ್ಲಿ ಎರಡು ತುಳಸಿಯ ಕುಟುಂಬದಿಂದ ಬಂದಿವೆ.

ಮಾರುಕಟ್ಟೆಯ ಸ್ಥಿತಿ ಇಷ್ಟು ಸರಳವಾಗಿಲ್ಲ. ಭಾರಂಗಿ ಎಂಬ ಹೆಸರಿನಲ್ಲಿ ಬೇರೆ ಬೇರೆ ಪ್ರದೇಶಗಳಲ್ಲಿ ಬೇರೆ ಬೇರೆ ಗಿಡಗಳ ಬೇರು, ತೊಗಟೆಗಳು ಮಾರಾಟವಾಗುತ್ತವೆ. ಇಬ್ಬನೆಯ ಬಂಧುಗಳ ಬೇರು, ಗಂಟುಗಂಟಾದ ಪ್ರೆಮ್ನಾ ಹರ್ಬೇಸಿಯಾದ ಬೇರು, ಉತ್ತರ ಭಾರತದಲ್ಲಿ ಪಿಕ್ರಾಸ್ಮಾ ಮರದ ತೊಗಟೆ ಇವೆಲ್ಲ ಇದೇ ಹೆಸರು ಹೊತ್ತು ಬರುತ್ತವೆ. ಒಣಗಿದ ಬೇರನ್ನು ನೋಡಿ ಗಿಡ ಗುರುತಿಸುವುದು ಅನುಭವಿಗೂ ಕಷ್ಟ. ಆದ್ದರಿಂದ ಮನೆಮದ್ದಿಗೆಂದು ಅಂಗಡಿಯ ಬೇರನ್ನು ನಂಬಿ ಬಳಸುವ ಬದಲು ಬಲ್ಲ ವೈದ್ಯರ ಸಲಹೆ ಕೇಳುವುದೇ ಸರಿ.

ಆಹಾರವಾಗಿಯೂ ಇವು ಬಳಕೆಯಲ್ಲಿವೆ. ಕೊಂಕಣದಲ್ಲಿ ಮಳೆಗಾಲದ ಆರಂಭದಲ್ಲಿ ಭಾರಂಗಿಯ ಎಳೆಯ ಚಿಗುರನ್ನು ಬೇಯಿಸಿ, ಕಹಿ ನೀರನ್ನು ಬಸಿದು ಪಲ್ಯ ಮಾಡುತ್ತಾರೆ. ಅಸ್ಸಾಂ, ಮಿಜೋರಾಂನಲ್ಲಿ ಕ್ಲೆರೊಡೆಂಡ್ರಮ್ ಕೋಲ್‌ಬ್ರೂಕಿಯಾನಮ್ ಎಂಬ ಪ್ರಭೇದದ ಸೊಪ್ಪು ನಿತ್ಯದ ತರಕಾರಿ, ರಕ್ತದೊತ್ತಡಕ್ಕೆ ಒಳ್ಳೆಯದೆಂದು ಅಲ್ಲಿಯ ಜನರ ನಂಬಿಕೆ. ಜಪಾನಿನಲ್ಲಿ ಕ್ಲೆರೊಡೆಂಡ್ರಮ್ ಟ್ರೈಕೊಟೋಮಮ್ ಗಿಡದ ಎಳೆ ಎಲೆಯನ್ನು ಬೇಯಿಸಿ ತಿನ್ನುತ್ತಾರೆ, ಅದರ ನೀಲಿ ಹಣ್ಣಿನಿಂದ ಬಟ್ಟೆಗೆ ಬಣ್ಣ ಹಾಕುತ್ತಾರೆ.

ತೋಟಕ್ಕೆ ಬಂದ ಅತಿಥಿಗಳು

ನಮ್ಮ ಮನೆಯಂಗಳಗಳಿಗೆ ಈ ಬಳಗದ ಹೊರಗಿನ ಗಿಡಗಳೂ ಬಂದಿವೆ. ಬಿಳಿ ಪುಷ್ಪಪಾತ್ರೆಯ ನಡುವಿನಿಂದ ಕಡುಗೆಂಪು ಹೂ ಇಣುಕುವ, ಚಪ್ಪರಕ್ಕೆ ಹಬ್ಬಿಸುವ ಬಳ್ಳಿ ಪಶ್ಚಿಮ ಆಫ್ರಿಕದ ಮಳೆಕಾಡಿನ ಕ್ಲೆರೊಡೆಂಡ್ರಮ್ ತಾಮ್ಸೋನಿಯೆ. ನೈಜೀರಿಯದಲ್ಲಿದ್ದ ಮಿಷನರಿ ತಾಮ್ಸನ್ ತಮ್ಮ ತೀರಿಹೋದ ಹೆಂಡತಿಯ ನೆನಪಿಗೆ ಈ ಹೆಸರನ್ನು ಕೋರಿದರು, ಎಡಿನ್‌ಬರೊದ ಪ್ರಾಧ್ಯಾಪಕ ಬಾಲ್ಫೋರ್ 1862ರಲ್ಲಿ ಅದನ್ನು ಪ್ರಕಟಿಸಿದರು. ಗೋಪುರದಂತೆ ಮೆಟ್ಟಿಲುಮೆಟ್ಟಿಲಾಗಿ ಏರುವ ಕೇಸರಿ–ಕೆಂಪು ಗೊಂಚಲಿನ ರಥಪುಷ್ಪ ಅಥವಾ ಕೃಷ್ಣಕಿರೀಟ ಆಗ್ನೇಯ ಏಷ್ಯದ್ದು. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡಿನ ಹಿತ್ತಿಲುಗಳಲ್ಲಿ ಅದು ಮನೆಯವರದೇ ಆಗಿಬಿಟ್ಟಿದೆ. ಮಲ್ಲಿಗೆಯಂಥ ಇಮ್ಮಡಿ ದಳದ ಪರಿಮಳದ ಹೂ ಬಿಡುವ ಕ್ಲೆರೊಡೆಂಡ್ರಮ್ ಚೈನೆನ್ಸ್ ಬೀಜ ಕಟ್ಟುವುದಿಲ್ಲ, ಬೇರಿನ ಮರಿಗಳಿಂದಲೇ ಹಬ್ಬುತ್ತದೆ. ಸಮೋವ, ಫಿಜಿಯಂಥ ಪೆಸಿಫಿಕ್ ದ್ವೀಪಗಳಲ್ಲಿ ಇದು ತೊಲಗಿಸಲಾಗದ ಕಳೆ. ಹೂವಿನ ಅಂದಕ್ಕೆ ಮನಸೋತು ಇದನ್ನು ಕಾಡಂಚಿನ ತೋಟಗಳಲ್ಲಿ ನೆಡುವವರು ಈ ಅನುಭವವನ್ನು ನೆನಪಿಡಬೇಕು.

ಅಳಿವು ಮತ್ತು ಉಳಿವು

ಅಂಚಿನ ಗಿಡಗಳಿಗೆ ಅಂಚೇ ಇಲ್ಲವಾಗುತ್ತಿದೆ. ಹಸಿರು ಬೇಲಿಯ ಜಾಗಕ್ಕೆ ಕಲ್ಲುಕಂಬ, ತಂತಿ ಬಂದಿದೆ. ಹೊಲಕ್ಕೆ ಇನ್ನೊಂದು ಸಾಲು ಸಿಗಲೆಂದು ಬದು ಕಿತ್ತು ಹಾಕುವುದು ಸಾಮಾನ್ಯವಾಗಿದೆ. ರಸ್ತೆ ಅಗಲವಾದಾಗ ಮೊದಲು ಹೋಗುವುದು ದಾರಿಬದಿಯ ಪೊದೆ. ಉಳಿದ ಬಂಜರಿನಲ್ಲಿ ಬಳ್ಳಾರಿ ಜಾಲಿ, ಲಂಟಾನ, ಕಾಂಗ್ರೆಸ್ ಕಸ ತುಂಬಿಕೊಂಡಿವೆ. ಇವು ಮೂರೂ ಅಮೆರಿಕ ಖಂಡದಿಂದ ಬಂದ ಗಿಡಗಳು. ಕಳೆ ತೆಗೆಯುವ ಕಾರ್ಯಕ್ರಮಗಳಲ್ಲಿ ಲಂಟಾನದ ಜೊತೆಗೆ ನಾಡಿನ ಪೊದೆಗಳೂ ಜೆಸಿಬಿಯ ಬಾಯಿಗೆ ಬೀಳುತ್ತವೆ. ಎರಡನ್ನೂ ಬೇರ್ಪಡಿಸುವುದು ಕಷ್ಟವಲ್ಲ. ಲಂಟಾನದ ಕಾಂಡದ ಮೇಲೆ ಬಾಗಿದ ಮುಳ್ಳುಗಳಿವೆ, ಎಲೆ ಉಜ್ಜಿದರೆ ಖಾರ ವಾಸನೆ, ಹೂ ಚಿಕ್ಕಚಿಕ್ಕ ದುಂಡು ಗೊಂಚಲು, ಒಂದೇ ಗೊಂಚಲಲ್ಲಿ ಎರಡು ಮೂರು ಬಣ್ಣ. ತಗ್ಗಿಯ ಬೂದಿಬಣ್ಣದ ಕಾಂಡದಲ್ಲಿ ಆ ಮುಳ್ಳಿಲ್ಲ, ಹೂ ಬಿಳಿ, ಕೇಸರಗಳು ಹೂವಿನಾಚೆಗೆ ಚಾಚಿರುತ್ತವೆ.

ಭಾರಂಗಿಯ ಅಪಾಯ ಬೇರೆ. ಬೇಡಿಕೆ ಇರುವುದು ಬೇರಿಗೆ, ಬೇರು ಬೇಕೆಂದರೆ ಗಿಡ ಕಿತ್ತುಹೋಗಬೇಕು. ಕಾಳ್ಗಿಚ್ಚನ್ನು ಗೆದ್ದು ಬದುಕುವ ಬುಡವೇ ಗುದ್ದಲಿಗೆ ಸಿಕ್ಕಿದ ಮೇಲೆ ಮತ್ತೆ ಚಿಗುರಲು ಏನೂ ಉಳಿಯುವುದಿಲ್ಲ. ಇದಕ್ಕೆ ಪರಿಹಾರ ಬೇಸಾಯದಲ್ಲಿದೆ. ಭಾರಂಗಿ ಬೀಜದಿಂದಲೂ ಕಾಂಡದ ತುಂಡಿನಿಂದಲೂ ಬೆಳೆಯುತ್ತದೆ. ಔಷಧಿ ಕಂಪನಿಗಳು ಬೆಳೆಸಿದ ಬೇರನ್ನೇ ಕೊಳ್ಳುವ ಒಪ್ಪಂದ ಮಾಡಿಕೊಂಡರೆ ಕಾಡಿನ ಗಿಡದ ಮೇಲಿನ ಭಾರ ಇಳಿಯುತ್ತದೆ, ಅರೆಮಲೆನಾಡಿನ ಸಣ್ಣ ಹಿಡುವಳಿದಾರರಿಗೆ ಅಡಿಕೆ, ಮೆಣಸಿನಕಾಯಿಗಳ ಬದಿಗೆ ಇನ್ನೊಂದು ಆದಾಯವೂ ಸಿಗುತ್ತದೆ.

ತಗ್ಗಿಯ ಉಳಿವಿಗೆ ದೊಡ್ಡ ಯೋಜನೆ ಬೇಕಿಲ್ಲ. ಬೇಲಿಯನ್ನು ಬುಡಸಮೇತ ಕೀಳದೆ ವರ್ಷಕ್ಕೊಮ್ಮೆ ಸವರುವುದು, ಬದುವಿನ ಒಂದು ಮಗ್ಗುಲಿಗಾದರೂ ನಾಡಿನ ಪೊದೆ ಬಿಡುವುದು, ಉದ್ಯೋಗ ಖಾತ್ರಿಯ ಬದು ಕೆಲಸದಲ್ಲಿ ಹಸಿರು ಬೇಲಿಯನ್ನೂ ಸೇರಿಸುವುದು, ಅರಣ್ಯ ಇಲಾಖೆಯ ಸಸಿಮಡಿಗಳಲ್ಲಿ ಮರದ ಸಸಿಗಳ ಪಕ್ಕ ತಗ್ಗಿ, ಲಕ್ಕಿ, ಕವಳಿಯಂಥ ಪೊದೆಗಳಿಗೂ ಒಂದು ಸಾಲು ಕೊಡುವುದು ಇವೆಲ್ಲ ಇಂದೇ ಆಗಬಹುದಾದ ಕೆಲಸ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಹರ್ಬೇರಿಯಂ ರೂಪಿಸಿದ ‘ಡಿಜಿಟಲ್ ಫ್ಲೋರಾ ಆಫ್ ಕರ್ನಾಟಕ’ದ ನೆರವಿನಿಂದ ಶಾಲೆ ಕಾಲೇಜಿನ ಮಕ್ಕಳು ತಮ್ಮೂರಿನ ಬೇಲಿಯಲ್ಲಿರುವ ಗಿಡಗಳನ್ನು ಗುರುತಿಸಿ ಪಟ್ಟಿ ಮಾಡಬಹುದು. ಗ್ರಾಮ ಪಂಚಾಯಿತಿಗಳ ಜೀವವೈವಿಧ್ಯ ದಾಖಲಾತಿಗೆ ಆ ಪಟ್ಟಿ ನೇರವಾಗಿ ಒದಗುತ್ತದೆ. ಕಾಡನ್ನು ಕಾಯಲು ಕಾನೂನಿದೆ, ಅಭಯಾರಣ್ಯವಿದೆ. ಬೇಲಿಯನ್ನು ಕಾಯುವವರು ಹೊಲದ ಒಡೆಯರೇ. ಈ ಬಳಗದ ಒಣನಾಡಿನ ಕವಲು ಮುಂದೆಯೂ ಇರುತ್ತದೋ ಇಲ್ಲವೋ ಎಂಬುದು ಹಾವೇರಿ, ಬ್ಯಾಡಗಿ, ರಾಣೆಬೆನ್ನೂರಿನ ರೈತರು ತಮ್ಮ ಬದುವಿನ ಬಗ್ಗೆ ಮಾಡುವ ತೀರ್ಮಾನದ ಮೇಲೆ ನಿಂತಿದೆ.